ಅವ್ವನ ಹಂಡೆಯ ಹತ್ತು ಬಾಟಲಿ

ಯಾವ ಬಾಟಲಿ ಕೈಗೆ ಬಂದರೂ ಮೊದಲು ಅದರ ಬೆನ್ನು ತಿರುಗಿಸಿ ನೋಡುವುದು ನನ್ನ ಚಟ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಎರಡು ಕ್ಲಿನಿಕ್ಕುಗಳ ನಡುವೆ ಸಿಕ್ಕಿಕೊಂಡಿರುವ ಸಣ್ಣ ಮೆಡಿಕಲ್ ಶಾಪ್ ನನ್ನದು. ಅಲ್ಲಿ ಕೂತು ಕೂತು ಅಂಟಿದ ಚಟ ಇದು. ಮದುವೆ ಊಟದಲ್ಲಿ ಎಲೆಯ ಪಕ್ಕ ಇಟ್ಟ ನೀರಿನ ಬಾಟಲಿಯನ್ನೂ ಕನ್ನಡಕ ಹಣೆಗೇರಿಸಿಕೊಂಡು ಎಕ್ಸ್‌ಪೈರಿ ಓದದೆ ಬಾಯಿಗಿಡುವುದಿಲ್ಲ. ಆನಗೋಡಿನಲ್ಲಿರುವ ನನ್ನ ಷಡ್ಡಕ ನನ್ನನ್ನು ಕಂಡಾಗಲೆಲ್ಲ, "ಈ ಶಿವಣ್ಣಾರ ಕೈಗೆ ಕೂಸು ಕೊಟ್ರೂ ಬೆನ್ನು ತಿರುವಿ ನೋಡ್ತಾರೆ" ಎಂದು ನಾಲ್ಕು ಜನರ ಮುಂದೆ ಹೇಳಿ ನಗಿಸುತ್ತಾನೆ. ನಗಲಿ ಬಿಡಿ. ಅವಧಿ ಮುಗಿದ ಮಾಲು ಕೊಟ್ಟೆ ಎಂಬ ಮಾತು ಇಷ್ಟು ವರ್ಷದಲ್ಲಿ ನನ್ನ ಮೇಲೆ ಬಂದಿಲ್ಲ.

ಇಂಥ ನಾನು ಹೋದ ವರ್ಷ ಒಂದು ಬುಧವಾರ ಮಧ್ಯಾಹ್ನ, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಮೂವತ್ತು ನಲವತ್ತು ವರ್ಷ ಹಳೆಯ ಹತ್ತು ಬಾಟಲಿ ವೈನನ್ನು ಒಂದಾದ ಮೇಲೊಂದು ರುಚಿ ನೋಡಿದೆ. ಒಬ್ಬನೇ ಅಲ್ಲ. ಎದುರಿಗೆ ಎಂಬತ್ತು ದಾಟಿದ ಅವ್ವ ಕೂತಿದ್ದಳು, ಪಕ್ಕದಲ್ಲಿ ನನ್ನ ಹೆಂಡತಿ ಶೈಲಾ. ಮೂವರಲ್ಲಿ ಯಾರೂ ಅಲ್ಲಿಯವರೆಗೆ ಒಂದು ಹನಿ ಮುಟ್ಟಿದವರಲ್ಲ. ನಾನು ಕುಡಿದ ಅತಿ ಖಡಕ್ ಪಾನೀಯ ಎಂದರೆ ಬಸ್ ಸ್ಟ್ಯಾಂಡಿನ ಗೋಲಿ ಸೋಡಾ, ಅದೂ ಹೊಟ್ಟೆ ಉಬ್ಬರಿಸಿದಾಗ. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ ಇರುವ ಅವ್ವ ಅವತ್ತು ಅಡುಗೆಮನೆಯ ಮಣೆಯ ಮೇಲೆ ಹೇಗೆ ಕೂತಳು ಎಂಬುದನ್ನು ಹೇಳಬೇಕಾದರೆ ಹರಿಹರದವರೆಗೆ ಹೋಗಿಬರಬೇಕು.

ಅದಕ್ಕೂ ಮೊದಲು ಇಮಾಮ್ ಸಾಬರ ವಿಷಯ. ಮನೆಗೆ ಬಣ್ಣ ಹೊಡೆಸೋಣ ಎಂದು ಭಾನುವಳ್ಳಿಯಿಂದ ಅವರನ್ನು ಕರೆಸಿದ್ದೆ. ವಯಸ್ಸಾದ ಮನುಷ್ಯ, ಕೆಲಸ ನಿಧಾನ, ಆದರೆ ಒಂದು ಹನಿ ಬಣ್ಣ ನೆಲಕ್ಕೆ ಬೀಳುವುದಿಲ್ಲ. ಅವರು ಏಣಿ ಹಾಕಿ ಅಡುಗೆಮನೆಯ ಅಟ್ಟ ಖಾಲಿ ಮಾಡುತ್ತಿದ್ದವರು ಅಲ್ಲಿಂದಲೇ ಕೂಗಿದರು. "ಅಣ್ಣಾರೆ, ಇಲ್ಲೊಂದು ತಾಮ್ರದ ಹಂಡೆ ಐತ್ರಿ. ಒಳಗೆ ಏನೋ ಗಾಜಿಂದು ಕಣಕಣ ಅಂತೈತೆ. ಒಂದು ಕೈ ಹಿಡೀರಿ."

ಪಡಸಾಲೆಯ ಮಂಚದಿಂದ ಅವ್ವನ ದನಿ ಬಂತು. "ಅದನ್ನ ಮುಟ್ಟಬ್ಯಾಡ್ರಿ. ಅಲ್ಲೇ ಇರಲಿ."

ಅಷ್ಟರಲ್ಲಿ ಹಂಡೆ ಇಳಿದಿತ್ತು. ಬಾಯಿಗೆ ಕಟ್ಟಿದ್ದ ಗೋಣಿತಟ್ಟು ಹಳತಾಗಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಒಳಗೆ ಹಳೇ ಸೀರೆಯ ತುಂಡುಗಳಲ್ಲಿ ಸುತ್ತಿದ ಬಾಟಲಿಗಳು, ಬಾಣಂತಿಯ ಮಗ್ಗುಲಲ್ಲಿ ಕೂಸು ಮಲಗಿಸಿದ ಹಾಗೆ ಒತ್ತೊತ್ತಾಗಿ ಮಲಗಿದ್ದವು. ಒಂದರ ಬಟ್ಟೆ ಬಿಚ್ಚಿದೆ. ಕಪ್ಪುಗೆಂಪು ದ್ರವ, ಬಿರಡೆಯ ಮೇಲೆ ಮೇಣದ ಮುದ್ರೆ. ಇಮಾಮ್ ಸಾಬರು ಒಮ್ಮೆ ಬಾಟಲಿ ನೋಡಿದರು, ಒಮ್ಮೆ ಬಾಗಿಲಲ್ಲಿ ಬಂದು ನಿಂತ ಅವ್ವನ ಹಣೆಯ ವಿಭೂತಿ ನೋಡಿದರು. "ನಾ ಆ ಕಡೆ ರೂಮಿಂದು ಮುಗಿಸ್ತೀನ್ರಿ" ಎಂದು ಕುಂಚ ಎತ್ತಿಕೊಂಡು ಹೋದರು. ಒಳ್ಳೆಯ ಮನುಷ್ಯ, ಇವತ್ತಿನವರೆಗೂ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ.

ಬಾಟಲಿ ನೋಡಿದ್ದೇ ತಡ, ಮರೆತೇ ಹೋಗಿದ್ದ ಹರಿಹರದ ಕ್ವಾರ್ಟರ್ಸ್ ನನಗೆ ನೆನಪಿಗೆ ಬಂತು.

ನಮ್ಮ ಅಪ್ಪಾಜಿ ರುದ್ರಪ್ಪ ಅಲ್ಲಿ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಉದ್ದಕ್ಕೆ ಒಂದೇ ಸಾಲು ಮನೆಗಳು, ಮಧ್ಯೆ ಎದೆಮಟ್ಟದ ಗೋಡೆ. ಸೈರನ್ ಕೂಗಿದರೆ ಇಡೀ ಸಾಲಿನ ಕುಕ್ಕರುಗಳು ಒಟ್ಟಿಗೆ ಒಲೆ ಏರುತ್ತಿದ್ದವು. ನಮ್ಮ ಗೋಡೆಯಾಚೆ ಫಿಲೋಮಿನಾ ಟೀಚರ್ ಮನೆ. ಅವರು ಮಂಗಳೂರು ಕಡೆಯವರು, ಕಾರ್ಖಾನೆಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಯಜಮಾನರು ರೈಲ್ವೆಯಲ್ಲಿ, ಮಗಳು ಲವೀನಾ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಟೀಚರ್ ಅವ್ವನನ್ನು ಗೌರಕ್ಕ ಎನ್ನುತ್ತಿದ್ದರು. ಅವ್ವ ಅವರನ್ನು ಟೀಚರಮ್ಮ ಎನ್ನುತ್ತಿದ್ದಳು. ಇಬ್ಬರೂ ಗೋಡೆಗೆ ಮೊಣಕೈ ಊರಿ ನಿಂತರೆ ನಮ್ಮ ಮನೆಯ ಹಾಲು ಉಕ್ಕುತ್ತಿತ್ತು, ಅವರ ಮನೆಯ ಮೀನು ಸೀಯುತ್ತಿತ್ತು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಕ್ರಿಸ್‌ಮಸ್ ಹಿಂದಿನ ದಿನ ಟೀಚರ್ ಗೋಡೆಯ ಮೇಲೆ ಒಂದು ತಟ್ಟೆ ಇಟ್ಟರು. ಚಕ್ಕುಲಿಯಂಥದ್ದು, ಕರಿದು ಸಕ್ಕರೆ ಹಿಡಿಸಿದ ಸಣ್ಣ ಸುರುಳಿ ಕಲ್‌ಕಲ್, ಬೆಲ್ಲದ ಉಂಡೆ. ಅದರ ಪಕ್ಕ ಒಂದು ಬಾಟಲಿ. ಬಾಟಲಿಯ ಮೇಲೆ ಚೀಟಿ ಅಂಟಿಸಿ ಶಾಯಿಯಲ್ಲಿ ಮುದ್ದಾಗಿ ಅವ್ವನ ಹೆಸರು ಬರೆದಿದ್ದರು. "ಇದು ನಿಮಗೇ ಅಂತ ಬೇರೆ ಮಾಡಿದ್ದು ಗೌರಕ್ಕ" ಎಂದರು.

ಇಲ್ಲಿ ಅವ್ವನ ಸ್ವಭಾವ ಹೇಳಬೇಕು. ಬೇಡ ಎಂಬ ಮಾತು ಅವಳ ಬಾಯಿಗೆ ಬರುವುದಿಲ್ಲ. ಎದುರಿನವರು ಕೈ ಚಾಚಿ ಏನು ಕೊಟ್ಟರೂ ಅವಳ ಕೈ ತಾನೇ ಮುಂದೆ ಹೋಗುತ್ತದೆ. ಬಾಚಣಿಗೆ ಮಾರುವವಳು ಬಂದು ಹೋದರೆ ಮನೆಯಲ್ಲಿ ಮೂರು ಬಾಚಣಿಗೆ ಹೆಚ್ಚಾಗಿರುತ್ತಿದ್ದವು. ಅಪ್ಪಾಜಿಯ ತಲೆಯಲ್ಲಿ ಆಗಲೇ ಬಾಚಲು ಏನೂ ಉಳಿದಿರಲಿಲ್ಲ. ಊಟಕ್ಕೆ ಹೋದ ಮನೆಯಲ್ಲಿ ಇನ್ನೊಂದು ಹೋಳಿಗೆ ಎಂದರೆ ಎಲೆಗೆ ಕೈ ಅಡ್ಡ ಹಿಡಿಯಲು ಗೊತ್ತಿಲ್ಲದೆ ತಿಂದು, ಮನೆಗೆ ಬಂದು ಓಮದ ನೀರು ಕುಡಿಯುತ್ತಿದ್ದಳು. ಇಂಥವಳು ಟೀಚರ್ ಕೈಯಿಂದ ವೈನ್ ಬಾಟಲಿ ತೆಗೆದುಕೊಂಡು, ನಕ್ಕು, ಒಳಗೆ ಬಂದು ಬೆವರಿದಳು.

ಕುಡಿಯುವಂತಿಲ್ಲ. ಮೋರಿಗೆ ಸುರಿಯುವಂತೆಯೂ ಇಲ್ಲ. ಹಬ್ಬದ ಪದಾರ್ಥ, ಅವರು ದೇವರ ಹೆಸರಲ್ಲಿ ಕೊಟ್ಟದ್ದು. ಅಪ್ಪಾಜಿಗೆ ತೋರಿಸಿದರಂತೂ ಕತೆ ಮುಗಿಯಿತು. ಕಡೆಗೆ ಸೀರೆಯ ತುಂಡಿನಲ್ಲಿ ಸುತ್ತಿ, ಬಳಸದ ಹಂಡೆಯೊಳಗಿಟ್ಟು, ನನಗೆ "ಅಪ್ಪಾಜಿ ಮುಂದೆ ಬಾಯಿ ಬಿಟ್ರೆ ನೋಡು" ಎಂದಳು. ನಾನು ಬಿಡಲಿಲ್ಲ. ಬಾಯಿ ಮುಚ್ಚಿಕೊಂಡಿರಲು ನನಗೆ ಕಲ್‌ಕಲ್ ಸಿಗುತ್ತಿತ್ತು.

ಹಬ್ಬ ಕಳೆದ ಮೇಲೆ ಟೀಚರ್ ಗೋಡೆಯಾಚೆಯಿಂದ ಹೇಗಿತ್ತು ಎಂದು ಕೇಳಿದರು. ಅವ್ವನಿಗೆ ಸುಳ್ಳು ಹೇಳಿ ರೂಢಿಯಿಲ್ಲ. ರೂಢಿಯಿಲ್ಲದವರು ಹೇಳಿದರೆ ಯಾವಾಗಲೂ ಒಂದು ಹಿಡಿ ಹೆಚ್ಚೇ ಹೇಳಿಬಿಡುತ್ತಾರೆ. "ಭಾಳ ಚಲೋ ಇತ್ರಿ ಟೀಚರಮ್ಮ. ಒಂದು ಗುಟುಕಿಗೇ ತಲೆ ಗಿರ್ ಅಂತು" ಎಂದಳು. ಟೀಚರ್ ಒಂದು ಕ್ಷಣ ಅವ್ವನ ಮುಖ ನೋಡಿ, "ಹೌದಾ. ಮುಂದಿನ ವರ್ಷ ಸ್ವಲ್ಪ ಕಡಿಮೆ ಮಾಡುವಾ" ಎಂದರು. ಮರುವರ್ಷ ಮತ್ತೆ ಬಾಟಲಿ ಬಂತು. ಅವ್ವ "ಈ ಸಲ ಅಷ್ಟು ಗಿರ್ ಅನಲಿಲ್ರಿ" ಎಂದು ವರದಿ ಕೊಟ್ಟಳು.

ಇದು ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಟೀಚರ್ ಖಾಲಿ ಬಾಟಲಿ ವಾಪಸ್ ಕೇಳುತ್ತಿದ್ದರು, ಮುಂದಿನ ವರ್ಷಕ್ಕೆ ಬೇಕಲ್ಲ. ನಮ್ಮ ಬಾಟಲಿ ತುಂಬಿಕೊಂಡು ಹಂಡೆಯಲ್ಲಿ ಮಲಗಿದೆ. ಅವ್ವ ಏನು ಮಾಡಿಯಾಳು? ಹಳೇ ಪೇಪರ್ ಖಾಲಿ ಶೀಶೆಯವನು ಬಂದಾಗ ಅವನ ಗಾಡಿಯಲ್ಲಿ ತಡಕಾಡಿ, ಅದೇ ಅಳತೆಯ, ಅದೇ ಬಣ್ಣದ ಬ್ರಾಂದಿ ಬಾಟಲಿ ಆರಿಸಿ, ಕೊಂಡು, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ಟೀಚರಿಗೆ ಕೊಡುತ್ತಿದ್ದಳು. ಗಾಡಿಯ ಹತ್ತಿರ ಬ್ರಾಂದಿ ಬಾಟಲಿ ಹಿಡಿದು ನಿಂತ ಹೆಂಗಸು ಕೊಳ್ಳುತ್ತಿದ್ದಾಳೋ ಮಾರುತ್ತಿದ್ದಾಳೋ ದೂರದಿಂದ ನೋಡಿದವರಿಗೆ ಹೇಗೆ ಗೊತ್ತಾಗಬೇಕು? "ಸ್ಟೋರಿನ ರುದ್ರಪ್ಪ ಹೊರಗೆ ವಿಭೂತಿ, ಒಳಗೆ ಬಾಟಲಿ" ಎಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಾತಾಯಿತು. ಚಹಾ ಕೂಡ ಕುಡಿಯದ ಅಪ್ಪಾಜಿ ಕೆಂಡವಾಗಿ ಮನೆಗೆ ಬಂದರು. ಅವ್ವ ಹೆದರಿ, "ಸೀಮೆಎಣ್ಣೆ ಇಡಾಕ ತಗೊಂಡೀನಿ" ಎಂದಳು. ಆ ಮಾತು ನಿಜ ಮಾಡಲು ಅದರಲ್ಲಿ ಒಂದು ತಿಂಗಳು ಸೀಮೆಎಣ್ಣೆಯನ್ನೂ ಇಟ್ಟಳು. ಆಮೇಲೆ ತೊಳೆದು ಅದನ್ನೇ ಟೀಚರಿಗೆ ಕೊಟ್ಟಳು.

ಒಂದು ಬೇಸಿಗೆ ಮಧ್ಯಾಹ್ನ ಹಂಡೆಯೊಳಗೆ ಠಪ್ ಎಂದು ಸದ್ದಾಯಿತು. ಹಂಡೆಯ ಬಾಯಿಂದ ಚಿಮ್ಮಿದ ಕೆಂಪು ನೀರು ಅಟ್ಟದ ಹಲಗೆಯ ಸಂದಿನಿಂದ ಇಳಿದು, ಕೆಳಗೆ ಹಗ್ಗದ ಮೇಲಿದ್ದ ಅಪ್ಪಾಜಿಯ ಬಿಳಿ ಧೋತರವನ್ನು ತೋಯಿಸಿತು. ಅಪ್ಪಾಜಿ ಇಲಿಯೋ ಬೆಕ್ಕೋ ಸತ್ತಿದೆ ಎಂದು ಕೋಲು ಹಿಡಿದು ಹೊರಟರು. ಅವ್ವ ಏಣಿಗೆ ಅಡ್ಡ ನಿಂತು ಅದು ನೇರಳೆ ಹಣ್ಣಿನ ರಸ, ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಇಟ್ಟದ್ದು ಎಂದಳು. ಅಪ್ಪಾಜಿ ನಂಬಿದ್ದಲ್ಲದೆ, ಸಕ್ಕರೆ ಕಾಯಿಲೆಯ ತಮ್ಮ ಅಣ್ಣನಿಗೂ ಹೇಳಿ ಕಳಿಸಿದರು. ಆ ದೊಡ್ಡಪ್ಪ ಎರಡು ವರ್ಷ ನಮ್ಮ ಮನೆಗೆ ಬಂದಾಗಲೆಲ್ಲ ನೇರಳೆ ರಸ ಕೇಳುತ್ತಿದ್ದರು.

ನಾವು ದಾವಣಗೆರೆಗೆ ಮನೆ ಕಟ್ಟಿಸಿಕೊಂಡು ಬಂದೆವು. ಸಾಮಾನೆಲ್ಲ ಲಾರಿಯಲ್ಲಿ ಬಂದರೆ ಹಂಡೆ ಮಾತ್ರ ಅವ್ವನ ತೊಡೆಯ ಮೇಲೆ ಬಸ್ಸಿನಲ್ಲಿ ಬಂತು. ಆಮೇಲೂ ಬಾಟಲಿ ನಿಲ್ಲಲಿಲ್ಲ. ಟೀಚರ್ ಯಜಮಾನರು ಪ್ರತಿ ಡಿಸೆಂಬರಿನಲ್ಲಿ ಕೈಚೀಲದಲ್ಲಿಟ್ಟುಕೊಂಡು ಬಸ್ಸಿಳಿದು ಬರುತ್ತಿದ್ದರು. ಹೀಗೆ ಹನ್ನೊಂದು ವರ್ಷ. ಆಮೇಲೆ ಅವರಿಗೆ ಹುಬ್ಬಳ್ಳಿಗೆ ವರ್ಗವಾಯಿತು, ಕಾಗದ ಕಡಿಮೆಯಾಯಿತು. ಲವೀನಾಳ ಮದುವೆ ಹರಿಹರದ ಚರ್ಚಿನಲ್ಲೇ ಆದಾಗ ಅವ್ವ ಹೊಸ ಸೀರೆ ತೆಗೆಸಿ, ಬೆಳಿಗ್ಗೆ ಎದ್ದು ಮೊಣಕಾಲು ನೋವು ಎಂದು ಕೂತುಬಿಟ್ಟಳು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಮದುವೆ ಮನೆಯಲ್ಲಿ ಲೋಟ ಕೈಗೆ ಕೊಟ್ಟರೆ ಏನು ಮಾಡುವುದೆಂಬ ಹೆದರಿಕೆ ಎಂದು ನಾನು ಅಂದುಕೊಂಡೆ. ಅದು ಅರ್ಧ ಮಾತ್ರ ಸರಿ ಎಂದು ಗೊತ್ತಾದದ್ದು ಹೋದ ವರ್ಷ.

ಹಂಡೆ ಇಳಿದ ಮರುದಿನವೇ ಟೀಚರ್ ಫೋನು ಬರಬೇಕೇ? ಯಜಮಾನರು ತೀರಿಕೊಂಡ ಮೇಲೆ ಅವರು ಹರಿಹರದಲ್ಲಿ ಮಗಳ ಮನೆಗೆ ಬಂದು ನೆಲೆಸಿದ್ದರಂತೆ. ಯಾರನ್ನೋ ಹಿಡಿದು ನಮ್ಮ ಅಂಗಡಿಯ ನಂಬರು ಸಂಪಾದಿಸಿದ್ದರು. "ಶಿವು, ನಿನ್ನ ದನಿ ರುದ್ರಪ್ಪನವರ ದನಿಯ ಹಾಗೇ ಆಗಿದೆ ಮಾರಾಯ. ಭಾನುವಾರ ಬರ್ತೇನೆ ಅಂತ ಗೌರಕ್ಕನಿಗೆ ಹೇಳು" ಎಂದರು. ನಾನು ಸಂತೋಷದಿಂದ ಮನೆಗೆ ಬಂದು ಹೇಳಿದೆ. ಅವ್ವನ ಮುಖ ಇಳಿಯಿತು. ಅವತ್ತು ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟಳು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಬಂದು, "ಶಿವು, ಆ ಬಾಟ್ಲಿ ತೆಗಿ" ಎಂದಳು.

"ಯಾಕವ್ವ, ಒಯ್ದು ಚೆಲ್ಲಿ ಬರ್ಲಾ?"

"ಚೆಲ್ಲಾದಲ್ಲ. ಕುಡಿಯಾದು."

ಶೈಲಾ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತಳು.

"ಹನ್ನೊಂದು ವರ್ಷ ಕುಡಿದೀನಿ ಅಂತ ಹೇಳೀನಿ. ಭಾನುವಾರ ಟೀಚರಮ್ಮ ಬಂದು ಎದುರಿಗೆ ಕೂಡ್ತಾರೆ. ಅವರ ಮುಖ ನೋಡಿ ಮತ್ತೆ ಸುಳ್ಳು ಹೇಳಾಕ ನನ್ನ ಕೈಲಿ ಆಗಂಗಿಲ್ಲ. ಎಲ್ಲಾದ್ರಾಗೂ ಒಂದೊಂದು ಗುಟುಕು ಕುಡಿದ್ರೆ ಸುಳ್ಳಾಗಂಗಿಲ್ಲ. ತಡ ಆತು, ಅಷ್ಟೇ."

"ಹನ್ನೊಂದ್ರಾಗೆ ಒಂದು ಒಡೆದು ಹೋತಲ್ಲ?"

"ಅದನ್ನ ನಿಮ್ಮಪ್ಪಾಜಿ ಧೋತರ ಕುಡೀತು ಅಂತ ಬಿಡು."

ನಾನು ಶಾಸ್ತ್ರದ ಮಾತೆತ್ತಿದೆ. "ನಿನ್ನ ಅಂಗಡಿ ಟಾನಿಕ್ಕಿನಾಗೂ ಅದು ಐತಂತಲ್ಲ. ಔಷಧಿ ಅಂತ ತಗೊಂತೀನಿ" ಎಂದಳು. ಎಕ್ಸ್‌ಪೈರಿಯ ಮಾತೆತ್ತಿದೆ. "ನಂದೂ ಆಗೇತೆ" ಎಂದಳು. ಇನ್ನು ಮಾತಾಡಿ ಪ್ರಯೋಜನವಿರಲಿಲ್ಲ. ಆದರೂ ಅಂಗಡಿಯ ಪಕ್ಕದ ಕ್ಲಿನಿಕ್ಕಿನ ಡಾಕ್ಟರಿಗೆ ಫೋನ್ ಮಾಡಿ, ತೀರಾ ಹಳೆಯ ದ್ರಾಕ್ಷಿ ರಸ ಕುಡಿದರೆ ಏನಾಗುತ್ತದೆ ಎಂದು, ಪೇಷಂಟ್ ಒಬ್ಬರು ಕೇಳುತ್ತಿದ್ದಾರೆ ಎಂದು ಸೇರಿಸಿ ವಿಚಾರಿಸಿದೆ. "ಒಂದು ಚಮಚಕ್ಕೆ ಏನೂ ಆಗಲ್ರಿ. ಯಾಕ್ರಿ ಶಿವಣ್ಣ, ಅಂಗಡ್ಯಾಗೆ ಮಾರಾಕ ಇಟ್ಟೀರೇನು?" ಎಂದರು.

ಬುಧವಾರ ಇಮಾಮ್ ಸಾಬರಿಗೆ ರಜೆ ಕೊಟ್ಟೆ. ಯಾವುದರಲ್ಲಿ ಕುಡಿಯುವುದು ಎಂಬುದೇ ದೊಡ್ಡ ಚರ್ಚೆಯಾಯಿತು. ಮನೆಯ ಲೋಟ ಬೇಡ, ಚಮಚ ಬೇಡ, ಅದರಲ್ಲಿ ನಾಳೆ ಪಾಯಸ ಉಣ್ಣಬೇಕು. ಕಡೆಗೆ ನಾನು ಅಂಗಡಿಯಿಂದ ಕೆಮ್ಮಿನ ಔಷಧಿ ಅಳೆಯುವ ಪ್ಲಾಸ್ಟಿಕ್ ಮುಚ್ಚಳ ತಂದೆ. ಸ್ಕ್ರೂಡ್ರೈವರಿನಿಂದ ಮೇಣ ಕೆರೆದು, ಇಕ್ಕಳದಲ್ಲಿ ಬಿರಡೆ ಎಳೆದೆ. ಅರ್ಧ ಬಿರಡೆ ಹೊರಗೆ ಬಂತು, ಅರ್ಧ ಒಳಗೆ ಬಿತ್ತು.

ಮೊದಲನೆಯದು ಗೋಬಿ ಮಂಚೂರಿ ಗಾಡಿಯ ಹತ್ತಿರ ನಿಂತ ಹಾಗೆ ಮೂಗಿಗೆ ಹೊಡೆಯಿತು. ಶುದ್ಧ ಹುಳಿ. ಅವ್ವ ಕಣ್ಣು ಮುಚ್ಚಿ ನುಂಗಿ, "ಹಿಂಗಿದ್ದದ್ದನ್ನ ಜನ ಯಾಕ ಕುಡೀತಾರೆ?" ಎಂದಳು. ಎರಡನೆಯದರಲ್ಲಿ ಕಾಲುಭಾಗ ಮಾತ್ರ ಉಳಿದಿತ್ತು, ಅದೂ ಲೇಹ್ಯದ ಹಾಗೆ ಗಟ್ಟಿ. ಶೈಲಾ ಕಡ್ಡಿಯಲ್ಲಿ ತೆಗೆದು ನೆಕ್ಕಿ, ಬೆಳಿಗ್ಗೆ ಹಾಲಿನ ಜೊತೆ ತಗೊಳ್ಳಬಹುದು ಎಂದಳು. ಮೂರನೆಯದು ಒದ್ದೆ ರಟ್ಟಿನ ರುಚಿ. ಮಳೆಗಾಲದಲ್ಲಿ ಗೋದಾಮು ಸೋರಿ ಔಷಧಿ ಡಬ್ಬಗಳು ನೆಂದರೆ ಬರುವ ವಾಸನೆ ಇದೆಯಲ್ಲ, ಅದು ನಾಲಿಗೆಯ ಮೇಲೆ. ನಾಲ್ಕನೆಯದರಲ್ಲಿ ಬರೀ ಸಕ್ಕರೆ ಪಾಕ. ಐದನೆಯದು ಏನೂ ಅಲ್ಲ, ಕೆಂಪು ಬಣ್ಣದ ನೀರು, ನಮ್ಮ ಕಾಲೇಜಿನ ಕ್ಯಾಂಟೀನಿನ ಸಾರಿನ ಹಾಗೆ. ಅಷ್ಟು ಹೊತ್ತಿಗೆ ಶೈಲಾ ಮಂಡಕ್ಕಿ ಒಗ್ಗರಣೆ ಮಾಡಿ ತಂದಿಟ್ಟಿದ್ದಳು. ಬಾಯಿ ತೊಳೆಯಲು ಎಂದಳು. ನೋಡಿದವರು ಬೇರೆ ಏನಾದರೂ ಅನ್ನುತ್ತಿದ್ದರು.

ಆರನೆಯದು ಮತ್ತೆ ಹುಳಿ. ಏಳನೆಯದಕ್ಕೆ ಬಂದಾಗ ಬಿರಡೆ ಉಸ್ ಎಂದಿತು. ಬೆಲ್ಲದ ಪಾಕದ ಬಣ್ಣ. ಒಣದ್ರಾಕ್ಷಿಯ, ಏಲಕ್ಕಿಯ, ಮಳೆ ಬಿದ್ದ ಸೌದೆಯ ವಾಸನೆ. ನಾಲಿಗೆಯ ಮೇಲೆ ಸಿಹಿಯಾಗಿ ಕೂತು, ಗಂಟಲಲ್ಲಿ ಬೆಚ್ಚಗಾಗಿ, ಕಿವಿಯ ತನಕ ಏರಿತು. ಅವ್ವ ಮುಚ್ಚಳವನ್ನು ಮತ್ತೆ ಮುಂದೆ ಹಿಡಿದಳು. ನಾನು ಹಾಕಿದೆ. ಇನ್ನೊಮ್ಮೆ ಹಿಡಿದಳು. ಉಳಿದ ಮೂರು ಬಾಟಲಿಗಳಿಗೆ ಸುಮ್ಮನೆ ನಾಲಿಗೆ ತಾಗಿಸಿ, ಮತ್ತೆ ಏಳನೆಯದಕ್ಕೇ ಬಂದಳು. ಆಮೇಲೆ ಗೋಡೆಗೆ ಒರಗಿ, ಸೆರಗು ಸರಿಮಾಡಿಕೊಂಡು, ಸುಮ್ಮನೆ ನಗತೊಡಗಿದಳು. ನನಗೆ ಗಾಬರಿಯಾಯಿತು. ನಗು ಹಾಗೇ ಅಳುವಾಗಿ ತಿರುಗಿತು.

"ಶಿವು, ಆ ಸಾಲಿನಾಗ ಯಾರೂ ಅವರ ಮನಿ ನೀರು ಕುಡೀತಿರಲಿಲ್ಲ. ಕಿರಿಸ್ತಾನರು ಅಂತ. ಗೋಡಿ ಮ್ಯಾಲೆ ಇಟ್ಟ ತಟ್ಟೆ ಒಳಗ ಒಯ್ದು ಹಸುಗಳಿಗೆ ಹಾಕ್ತಿದ್ರು. ಟೀಚರಮ್ಮಗೆ ಅದು ಗೊತ್ತಿತ್ತು. ನಾ ಒಬ್ಬಾಕಿ ಅವರ ಮನ್ಯಾಗ ಚಾ ಕುಡೀತಿದ್ದೆ. ಗೌರಕ್ಕ ಹಂಗಲ್ಲ ಅಂತ ಅವರು ತಿಳ್ಕೊಂಡಿದ್ರು. ಈ ಹಂಡೆ ಅವರ ಕಣ್ಣಿಗೆ ಬಿದ್ದಿದ್ರೆ? ಗೌರಕ್ಕನೂ ಅವರಂಗೇ, ನನ್ನ ಕೈಯಾಂದು ಮುಟ್ಟಲಿಲ್ಲ ಅಂದ್ಕೊಂತಿದ್ರು. ಅದಕ್ಕೇ ಮದುವಿಗೂ ಹೋಗಲಿಲ್ಲ."

ನಾನು ಅವ್ವನ ಕೈ ಹಿಡಿದುಕೊಂಡೆ. ನಲವತ್ತು ವರ್ಷ ಅವಳು ಇದನ್ನು ಒಬ್ಬಳೇ ಹೊತ್ತುಕೊಂಡಿದ್ದಳು. ನಾನು ಅದನ್ನು ಬರೀ ಮೊಣಕಾಲಿನ ಕಳ್ಳನೆಪ ಎಂದು ಅಂಗಡಿಯಲ್ಲಿ ಹೇಳಿ ನಗಾಡಿದ್ದೆ. ನನಗೆ ನಾಚಿಕೆಯಾಯಿತು. ಅವ್ವ ಕೂತಲ್ಲೇ ನಿದ್ದೆ ಹೋದಳು. ಗುರುವಾರ ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದಿದ್ದು. ಕಳ್ಳಭಟ್ಟಿ ಕುಡಿದು ಕಣ್ಣು ಹೋದವರ ಸುದ್ದಿ ಓದಿದ್ದೆನಲ್ಲ. ಕಣ್ಣು ಕಾಣುತ್ತಿತ್ತು. ಅವ್ವನ ಹತ್ತಿರ ಹೋಗಿ ಎರಡು ಬೆರಳು ತೋರಿಸಿ ಎಷ್ಟು ಎಂದೆ. "ಹುಚ್ಚು ಹಿಡೀತೇನು ನಿನಗ? ಹೋಗಿ ಅಂಗಡಿ ತೆಗಿ" ಎಂದಳು. ಅಷ್ಟು ಸಮಾಧಾನದಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ.

ಭಾನುವಾರ ಹನ್ನೊಂದಕ್ಕೆ ಲವೀನಾ ಕಾರಿನಲ್ಲಿ ತಾಯಿಯನ್ನು ಇಳಿಸಿ, ಬಟ್ಟೆ ಅಂಗಡಿಗೆ ಹೋಗಿಬರುತ್ತೇನೆಂದು ಹೋದಳು. ಟೀಚರ್ ಕುಗ್ಗಿದ್ದರು. ತಲೆ ಹತ್ತಿಯಾಗಿತ್ತು, ಕೈಯಲ್ಲಿ ಕೋಲು. ಇಬ್ಬರೂ ಬಾಗಿಲಲ್ಲೇ ಕೈ ಹಿಡಿದುಕೊಂಡು ನಿಂತುಬಿಟ್ಟರು. "ಬರ್ರಿ, ಒಳಗೆ ಬಂದು ಕೂಡ್ರಿ" ಎಂದು ಶೈಲಾ ಮೂರು ಸಲ ಹೇಳಬೇಕಾಯಿತು. ಕಾಫಿ ಆಯಿತು. ಅಪ್ಪಾಜಿಯೂ ಸೇರಿ ತೀರಿಕೊಂಡವರ ಹೆಸರು ಹೇಳಿ ಇಬ್ಬರೂ ಕಣ್ಣೊರೆಸಿಕೊಂಡರು. ಅವ್ವ ಮಾತ್ರ ಮಂಚದ ತುದಿಯಲ್ಲಿ ಕಾಲು ಮಡಚಿ, ಪರೀಕ್ಷೆಗೆ ಕೂತವಳ ಹಾಗೆ ಬಿಗಿಯಾಗಿ ಕೂತಿದ್ದಳು. ಟೀಚರ್ ಏನೂ ಕೇಳಿರಲಿಲ್ಲ. ಅವಳೇ ಶುರು ಮಾಡಿದಳು.

"ಟೀಚರಮ್ಮ, ನೀವು ಕೊಟ್ಟ ವೈನು ಎಲ್ಲಾ ಕುಡಿದೀನ್ರಿ."

"ಹೌದಾ? ಯಾವಾಗ?"

ಅವ್ವ ನನ್ನ ಕಡೆ ನೋಡಿದಳು. ನಾನು ಗೋಡೆಯ ಹೊಸ ಬಣ್ಣ ನೋಡಿದೆ.

"ಮೊನ್ನೆ ಬುಧವಾರ," ಎಂದಳು ಅವ್ವ.

ಟೀಚರ್ ಭುಜ ಅಲುಗತೊಡಗಿತು. ನಗುತ್ತಾ ನಗುತ್ತಾ ಕೆಮ್ಮು ಬಂದು, ಶೈಲಾ ನೀರು ತಂದು ಬೆನ್ನು ನೀವಿದಳು. ಅವ್ವನ ಮುಖದಲ್ಲಿ ರಕ್ತವಿರಲಿಲ್ಲ.

"ಗೌರಕ್ಕ, ನೀವು ಕುಡಿದಿಲ್ಲ ಅಂತ ನನಗೆ ಮೊದಲನೇ ವರ್ಷವೇ ಗೊತ್ತು" ಎಂದರು ಟೀಚರ್. "ಅದು ವೈನ್ ಅಲ್ಲವೇ ಅಲ್ಲ ಮಾರಾಯ್ತಿ. ಲಿಂಗ ಕಟ್ಟಿದವರ ಮನೆಗೆ ನಾನು ವೈನ್ ಕೊಡ್ತೇನಾ? ದ್ರಾಕ್ಷಿ ಹಿಂಡಿ, ಸಕ್ಕರೆ ಏಲಕ್ಕಿ ಹಾಕಿ ಕಾಯಿಸಿದ ಶರಬತ್ತು. ನಿಮಗೇ ಅಂತ ಬೇರೆ ಮಾಡಿದ್ದು ಅಂತ ಹೇಳಿ ಕೊಟ್ಟೆ. ನೀವು ತಲೆ ಗಿರ್ ಅಂತು ಅಂದ್ರಿ."

ಅವ್ವ ಮುಂದಕ್ಕೆ ಬಾಗಿ, "ಹಂಗಾದ್ರೆ ಅವತ್ತೇ ಯಾಕ ಹೇಳಲಿಲ್ರಿ?" ಎಂದಳು.

"ಹೇಗೆ ಹೇಳೋದು? ನೀವು ಅಷ್ಟು ಕಷ್ಟಪಟ್ಟು ಹೊಗಳ್ತಾ ಇದ್ರಿ. ಹೇಳಿದ್ರೆ ನಿಮಗೆ ನಾಚಿಕೆ. ನಿಲ್ಲಿಸಿದ್ರೆ ಏನೋ ತಪ್ಪಾಯ್ತು ಅಂತ ಕೊರಗ್ತೀರಿ. ಒಂದು ವರ್ಷ ನೀವು ಕೊಟ್ಟ ಬಾಟಲಿ ಸೀಮೆಎಣ್ಣೆ ವಾಸನೆ ಬಂತು. ಅದನ್ನೂ ನುಂಗಿಕೊಂಡೆ."

"ಆದ್ರೆ ಬುಧವಾರ ನನಗೆ ಖರೇನೇ ಗಿರ್ ಅಂತಲ್ರಿ."

"ಅವತ್ತೇ ಕುಡಿದಿದ್ರೆ ಶರಬತ್ತು, ಗೌರಕ್ಕ. ನಲವತ್ತು ವರ್ಷ ಇಟ್ಟು ಅದನ್ನ ವೈನ್ ಮಾಡಿದವರು ನೀವು."

ಶೈಲಾ ಒಳಗೆ ಓಡಿದಳು, ನಗಲಿಕ್ಕೆ. ನನಗೂ ತಡೆಯಲಾಗಲಿಲ್ಲ. ಅವ್ವ ಮಾತ್ರ ಇನ್ನೂ ನಗಲಿಲ್ಲ. ಅವಳಿಗೆ ಹೇಳಬೇಕಾದದ್ದು ಇನ್ನೊಂದಿತ್ತು. ತಲೆ ತಗ್ಗಿಸಿ, "ನಿಮ್ಮ ಕೈಯಾಂದು ಮುಟ್ಟಬಾರದು ಅಂತ ಇಟ್ಟಿದ್ದಲ್ರಿ ಅದು" ಎಂದಳು.

ಟೀಚರ್ ನಗು ನಿಲ್ಲಿಸಿದರು. ಕೋಲು ಪಕ್ಕಕ್ಕಿಟ್ಟು ಅವ್ವನ ಹತ್ತಿರ ಸರಿದರು. "ಇಡೀ ಸಾಲಿನಲ್ಲಿ ನಮ್ಮನೆ ನೀರು ಕುಡಿದದ್ದು ನೀವೊಬ್ಬರು. ಲವೀನಾಗೆ ಟೈಫಾಯ್ಡ್ ಬಂದಾಗ ನಮ್ಮ ಅಡುಗೆಮನೆಯಲ್ಲಿ ನಿಂತು ಗಂಜಿ ಮಾಡಿದವರು ನೀವು. ನಾನು ಯಾಕೆ ಹಾಗೆ ತಿಳ್ಕೊಳ್ಳಲಿ? ಮದುವೆಗೆ ಯಾಕೆ ಬರಲಿಲ್ಲ ಅಂತ ಮಾತ್ರ ಇಷ್ಟು ವರ್ಷ ತಿಳೀಲಿಲ್ಲ. ನಾನೇ ಏನೋ ಅಂದಿರಬೇಕು ಅಂತ ನೆನಪು ಮಾಡಿಕೊಳ್ತಾ ಇದ್ದೆ."

ಅವ್ವ ಅತ್ತಳು. ಟೀಚರೂ ಅತ್ತರು. ನಾನು ಮೆಡಿಕಲ್ ಶಾಪಿನವನು, ನನಗೆ ಆ ಹೊತ್ತಿಗೆ ಏನು ಕೊಡಬೇಕೆಂದು ತಿಳಿಯದೆ ಇಬ್ಬರ ಮುಂದೂ ಹತ್ತಿಯ ಪೊಟ್ಟಣ ಇಟ್ಟೆ. ಅದನ್ನು ನೋಡಿ ಇಬ್ಬರೂ ಒಟ್ಟಿಗೆ ನಕ್ಕರು.

ಟೀಚರ್, ಉಳಿದಿದ್ದರೆ ತಮಗೂ ರುಚಿ ತೋರಿಸಬೇಕೆಂದರು. ಏಳನೆಯ ಬಾಟಲಿಯ ತಳದಲ್ಲಿದ್ದದ್ದನ್ನು ಮುಚ್ಚಳಕ್ಕೆ ಸುರಿದು ಕೊಟ್ಟೆ. ಬಾಯಲ್ಲಿ ಆಡಿಸಿ, ಕಣ್ಣು ಮುಚ್ಚಿ ನುಂಗಿದರು. "ನಾನು ಜನ್ಮದಲ್ಲಿ ಇಷ್ಟು ಒಳ್ಳೆಯದು ಮಾಡಿಲ್ಲ" ಎಂದರು.

ಆಮೇಲೆ ಚೀಲದಿಂದ ಡಬ್ಬಿ ತೆಗೆದರು. ದಾರಿಯಲ್ಲಿ ಬೇಕರಿಯಿಂದ ತಂದ ಕೇಕು. ಒಂದು ತುಂಡು ತಟ್ಟೆಗಿಟ್ಟು ಅವ್ವನ ಮುಂದೆ ಹಿಡಿದರು. ಮಾತಿನ ಭರದಲ್ಲಿ ಅವರಿಗೆ ನೆನಪಾಗಿರಲಿಲ್ಲ, ನಮಗೂ ಹೊಳೆಯಲಿಲ್ಲ. ಅವ್ವನ ಕೈ ಎಂದಿನಂತೆ ಮುಂದೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಕೈ ನಿಧಾನವಾಗಿ ಹಿಂದೆ ಬಂದು ಮಡಿಲಲ್ಲಿ ಕೂತಿತು.

"ಬ್ಯಾಡ್ರಿ ಟೀಚರಮ್ಮ. ಮೊಟ್ಟೆ ಹಾಕಿರ್ತಾರೆ. ನಾ ತಿನ್ನಂಗಿಲ್ಲ."

ಟೀಚರ್ ತಟ್ಟೆ ಹಿಡಿದ ಹಾಗೇ ಅವ್ವನನ್ನು ನೋಡಿದರು. ನಾನು ಕಂಡಷ್ಟು ದಿನ ಅವರ ಮುಖದಲ್ಲಿ ಅಂಥ ಸಂತೋಷ ಕಂಡಿರಲಿಲ್ಲ. "ಸರಿ ಬಿಡ್ರಿ, ನಾನೇ ತಿಂತೇನೆ" ಎಂದು ತಟ್ಟೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ತಿನ್ನತೊಡಗಿದರು. ಅವ್ವ ಮಂಚದ ಮೇಲೆ ಹಿಂದಕ್ಕೆ ಸರಿದು, ಗೋಡೆಗೆ ಒರಗಿ, ಬಂದವರ ಎದುರು ಕಾಲು ಚಾಚಿ ಕೂತಳು.